ಮೇಷ್ಟ್ರು ಅಳಿಸಿದ ಸಾಧನೆ

ಸಂಕೀರ್ಣ ವಕ್ರರೇಖೆಗಳ ಮೇಲಿನ ಸದಿಶ ಕ್ಷೇತ್ರಗಳ ಬೀಜಗಣಿತ, ಅದರ ಕೊಹೊಮಾಲಜಿ ಎಂದರೆ ಗಣಿತ ವಿಭಾಗದಲ್ಲೇ ಅರ್ಧ ಜನ ಕಣ್ಣು ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಆ ವಿಷಯವನ್ನು ಕೈಹಿಡಿದು, ಅದಕ್ಕೊಂದು ನೆಲೆ ಕಟ್ಟಿಕೊಟ್ಟ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ವಿದ್ವತ್ ವಲಯದಲ್ಲಿ ಅವರಿಗೆ ಸಂದ ಗೌರವಗಳನ್ನು ಈ ಅಭಿನಂದನ ಸಂಪುಟದ ಇತರ ಲೇಖನಗಳು ಸಾಲಾಗಿ ಹೇಳುತ್ತವೆ. ನಮಗೆಲ್ಲ ಅವರು ಬರೀ ಮೇಷ್ಟ್ರು. ಆ ಮೇಷ್ಟ್ರು ಎಂಥವರೆಂದು ತಿಳಿಯಬೇಕಾದರೆ ಅವರ ಒಬ್ಬ ಶಿಷ್ಯೆಯ ಕಥೆಯನ್ನು ಕೇಳಬೇಕು.

ವಿಷಯವೇ ಗೊತ್ತಿಲ್ಲದವರಿಗೆ ಒಂದು ಮಾತು. ಹೆಸರಿಗೆ ಅದು ವಕ್ರರೇಖೆ, ನೋಡಿದರೆ ಗಾಳಿ ತುಂಬಿದ ಸೈಕಲ್ ಟ್ಯೂಬಿನಂಥ ಮೇಲ್ಮೈ. ಅದರ ಪ್ರತಿ ಬಿಂದುವಿನಲ್ಲೂ ಒಂದೊಂದು ಬಾಣವಿಟ್ಟು, ಸಂಕೀರ್ಣ ಸಂಖ್ಯೆಗಳ ಕಟ್ಟುನಿಟ್ಟಿಗೆ ಒಪ್ಪುವಂತೆ ಹೊಂದಿಸಿದರೆ ಒಂದು ಸದಿಶ ಕ್ಷೇತ್ರವಾಯಿತು. ಅಂಥವೆಲ್ಲ ಸೇರಿ ಒಂದು ಬೀಜಗಣಿತ. ಅದರ ನಿಯಮ ಕೆಡದಂತೆ ಅದನ್ನು ಎಷ್ಟು ಬಗೆಯಲ್ಲಿ ಹಿಗ್ಗಿಸಬಹುದೆಂದು ಎಣಿಸಿ ಹೇಳುವುದು ಕೊಹೊಮಾಲಜಿಯ ಕೆಲಸಗಳಲ್ಲೊಂದು.

ಶಿಷ್ಯೆ ಸಂಶೋಧನೆಗೆ ಸೇರಿದಾಗ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಮಗುವನ್ನು ತನ್ನ ತಾಯಿಯ ಮಡಿಲಿಗೆ ಹಾಕಿ, ತಾತ್ಕಾಲಿಕ ಉಪನ್ಯಾಸಕಿಯಾಗಿ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಲೆಕ್ಕ ಮಾಡುತ್ತಿದ್ದಳು. ಪದವಿ ಬರದಿದ್ದರೆ ಆ ಕೆಲಸವೂ ಹೋಗುವುದು ಖಚಿತವಿತ್ತು. ಮೊದಲು ಗೋಲದ ಮೇಲೆ ಲೆಕ್ಕ ಮಾಡಿದಳು, ಸರಿಬಂತು. ಒಂದು ತೂತಿನ ಟ್ಯೂಬಿನ ಮೇಲೂ ಸರಿಬಂತು. "ತೂತು ಹೆಚ್ಚಿಸಿ ನೋಡಮ್ಮ" ಎಂದರು ಮೇಷ್ಟ್ರು. ಹೆಚ್ಚಿಸಿದಳು. ಪ್ರಮೇಯಗಳು ಒಂದರ ಬೆನ್ನಿಗೊಂದು ಹೊರಟವು. ನಡುವೆ ಎಲ್ಲೋ ಒಂದು ಋಣಚಿಹ್ನೆಗಾಗಿ ಗುರುಶಿಷ್ಯರು ಇಡೀ ಬೇಸಿಗೆ ಜಗಳವಾಡಿದರು. ಮೊಸರಿನಲ್ಲಿ ಕಲ್ಲು ಹುಡುಕುವ ಆ ಗದ್ದಲದಲ್ಲಿ ಪಾತ್ರೆಯೇ ಖಾಲಿಯಿದೆಯೆಂದು ಇಬ್ಬರೂ ನೋಡಲಿಲ್ಲ.

ಅದನ್ನು ನೋಡಿದವರು ಕರಡು ಪ್ರಬಂಧದ ಮಂಡನೆಗೆ ಬಂದಿದ್ದ ಹೊರಗಿನ ಪರೀಕ್ಷಕರು. ಕೊನೆಯವರೆಗೆ ಸುಮ್ಮನೆ ಕೇಳಿ, ಕನ್ನಡಕ ಒರೆಸುತ್ತ ಕೇಳಿದರು: "ಎಲ್ಲಾ ಚೆನ್ನಾಗಿದೆ. ಎರಡು ತೂತಿರೋ ಮೇಲ್ಮೈ ಮೇಲೆ ಸೊನ್ನೆಯಲ್ಲದ ಒಂದು ಕ್ಷೇತ್ರ ಬರೆದು ತೋರ್ಸಿ, ನೋಡೋಣ."

ಅವಳು ಸೀಮೆಸುಣ್ಣ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಎರಡು ಅಥವಾ ಹೆಚ್ಚು ತೂತುಗಳಿರುವ ಮುಚ್ಚಿದ ಮೇಲ್ಮೈಯ ಮೇಲೆ ಸೊನ್ನೆಯನ್ನು ಬಿಟ್ಟರೆ ಅಂಥ ಕ್ಷೇತ್ರವೇ ಇಲ್ಲ. ಅವಳ ಪ್ರಮೇಯಗಳಲ್ಲಿ ಒಂದೂ ಸುಳ್ಳಲ್ಲ, ಆದರೆ ಅವೆಲ್ಲ ಏನೂ ಇಲ್ಲದ್ದರ ಬಗ್ಗೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಎದ್ದು ನಿಂತರು.

"ಸೊನ್ನೆ ಸರ್, ಅದು ಸೊನ್ನೆ. ತೂತು ಹೆಚ್ಚಿಸು ಅಂದೋನು ನಾನು. ನೋಡ್ಬೇಕಾಗಿದ್ದೋನೂ ನಾನೇ."

ತಪ್ಪನ್ನು ಶಿಷ್ಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ವಿದ್ಯೆ ನಮ್ಮ ವೃತ್ತಿಯಲ್ಲಿ ಅಪರೂಪವೇನಲ್ಲ. ಆ ವಿದ್ಯೆ ಮೇಷ್ಟ್ರಿಗೆ ಇಂದಿಗೂ ಒಲಿದಿಲ್ಲ.

ಅವಳಾದರೋ ಸಂಶೋಧನೆಗೆ ಎಳ್ಳುನೀರು ಬಿಟ್ಟು, ಗ್ರಂಥಾಲಯದ ಪುಸ್ತಕಗಳನ್ನು ಹಿಂತಿರುಗಿಸಿ, ಒಂದು ಶಾಲೆಯಲ್ಲಿ ಕೆಲಸ ಕೇಳಿ ಬಂದಳು. ಆ ವಾರವೇ ಮೇಷ್ಟ್ರು ಕೊಡೆ ಹಿಡಿದುಕೊಂಡು ಮನೆಗೆ ಬಂದರು. ಬಾಗಿಲು ತೆರೆದ ತಾಯಿ ಅವರನ್ನು ಕೂರಿಸುವ ಮೊದಲೇ ತರಾಟೆಗೆ ತೆಗೆದುಕೊಂಡರು.

"ಏನ್ ಮೇಷ್ಟ್ರೇ, ನನ್ನ ಮಗಳು ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಓದಿದ್ದು ಒಂದು ಸೊನ್ನೆಗಾ?"

"ಹೌದಮ್ಮ. ಅದು ಸೊನ್ನೆ ಅಂತ ಗೊತ್ತಾಗೋ ಹೊತ್ತಿಗೆ ನನ್ನ ತಲೇಲೂ ಒಂದು ಕೂದಲು ಉಳಿದಿಲ್ಲ ನೋಡಿ."

ತಾಯಿಗೆ ಸಿಟ್ಟಿನ ನಡುವೆಯೇ ನಗು ಬಂತು. ಕಾಫಿಗೆ ನೀರಿಡಲು ಒಳಗೆ ಹೋದರು. ಮೇಷ್ಟ್ರು ಶಿಷ್ಯೆಯ ಕಡೆ ತಿರುಗಿದರು.

"ಮೇಲ್ಮೈಯಿಂದ ಒಂದೇ ಒಂದು ಬಿಂದು ತೆಗೆದುಬಿಡು. ಆ ಜಾಗದ ಹತ್ರ ಬಾಣ ಎಷ್ಟು ಉದ್ದ ಬೇಕಾದ್ರೂ ಬೆಳೀಲಿ. ಆಗ ಕ್ಷೇತ್ರಗಳು ಬೇಡ ಅಂದ್ರೂ ಬರ್ತವೆ."

"ಅದು ನಿಮ್ಮ ಲೆಕ್ಕ ಸರ್. ನೀವೇ ಮಾಡ್ತಾ ಇದೀರಲ್ಲ."

"ಅರ್ಧಕ್ಕೆ ನಿಂತಿದೆ. ಮುಂದೆ ನನ್ನ ಕೈಲಿ ಆಗ್ತಿಲ್ಲ. ನೀನು ಮಾಡು."

ಗುರುಗಳು ತಮ್ಮ ಕೈಲಾಗದ್ದನ್ನು ತನಗೆ ಒಪ್ಪಿಸಿದರೆಂಬ ಒಂದೇ ಕಾರಣಕ್ಕೆ ಅವಳು ಶಾಲೆಯ ಕೆಲಸ ಬೇಡವೆಂದಳು. ಗಡುವನ್ನು ಒಂದು ವರ್ಷ ವಿಸ್ತರಿಸಲು ಮೇಷ್ಟ್ರು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದರು. ಅವಳು ಮೇಷ್ಟ್ರ ಹಾದಿಯನ್ನು ಹಿಡಿಯದೆ, ಮಗ್ಗುಲಿನ ಒಂದು ಕಿರುದಾರಿಯಿಂದ ಗುರಿ ಮುಟ್ಟಿದಳು. ಪದವಿ ಬಂತು, ಕೆಲಸ ಕಾಯಮಾಯಿತು, ಇಂದು ವಿಭಾಗದ ಮುಖ್ಯಸ್ಥೆ ಆ ಶಿಷ್ಯೆಯೇ. ಮೊದಲ ಲೇಖನದಲ್ಲಿ ಮೇಷ್ಟ್ರ ಹೆಸರನ್ನೂ ಸೇರಿಸಹೋದಾಗ "ಅರ್ಧಕ್ಕೆ ಬಿಟ್ಟೋನ ಹೆಸರು ಯಾಕಮ್ಮ?" ಎಂದು ಮೇಷ್ಟ್ರೇ ಅದನ್ನು ತೆಗೆಸಿಬಿಟ್ಟರು.

ಈ ಸಂಪುಟದ ಸಿದ್ಧತೆಗೆ ಎಲ್ಲರೂ ಕೂತಿದ್ದಾಗ ಇದೇ ಮಾತು ಬಂತು. ಮೇಷ್ಟ್ರ ಪಕ್ಕದ ಕೋಣೆಯ ಹಿರಿಯ ಸಹೋದ್ಯೋಗಿ ತಡೆಯಲಾರದೆ ಹೇಳಿದರು: "ಅರ್ಧ ಎಲ್ಲಿ ಬಂತು? ಮಂಡನೆ ಆದ ಮಾರನೇ ದಿನ ಅವರ ಬೋರ್ಡಿನ ಮೇಲೆ ಆ ಲೆಕ್ಕದ ಪೂರ್ತಿ ಸಾಧನೆ ಇತ್ತು, ಮೊದಲ ಸಾಲಿಂದ ಕೊನೇ ಸಾಲಿನವರೆಗೆ. ನನ್ನನ್ನೇ ಕರೆದು ತೋರಿಸಿದ್ರು. ಚೆನ್ನಾಗಿದೆ ಸಾರ್ ಅಂದೆ. ಹೌದಲ್ವಾ ಅಂದ್ಕೊಂಡು ಒದ್ದೆ ಬಟ್ಟೆ ತಗೊಂಡು ಒರೆಸಿಬಿಟ್ರು."

ಮುಖ್ಯಸ್ಥೆ ಎದ್ದು ನೇರ ಮೇಷ್ಟ್ರ ಕೋಣೆಗೆ ಹೋದರು. ಅಲ್ಲಿ ಮೇಷ್ಟ್ರು ಕಪಾಟು ಖಾಲಿ ಮಾಡುತ್ತಿದ್ದರು.

"ಮುಗಿಸಿದ್ರಂತೆ, ಸರ್."

ಮೇಷ್ಟ್ರು ಸಿಕ್ಕಿಬಿದ್ದವರಂತೆ ತಲೆ ಕೆರೆದುಕೊಂಡರು. "ನಿನ್ನದೇ ಚೆನ್ನಾಗಿತ್ತಮ್ಮ. ಚಿಕ್ಕದು."

ಮುಖ್ಯಸ್ಥೆ ಬೋರ್ಡನ್ನು ಸ್ವಚ್ಛವಾಗಿ ಒರೆಸಿ, ಸೀಮೆಸುಣ್ಣವನ್ನು ಮೇಷ್ಟ್ರ ಕೈಗಿತ್ತು, ಮುಂದಿನ ಬೆಂಚಿನಲ್ಲಿ ಕುಳಿತರು.

ಮೇಷ್ಟ್ರು ಈಗ ದಿನವೂ ಬಂದು ಆ ಸಾಧನೆಯನ್ನು ಮತ್ತೆ ಬರೆಯುತ್ತಿದ್ದಾರೆ. ಹಳೆಯದು ಅಲ್ಲಲ್ಲಿ ಮರೆತಿದೆಯಂತೆ, ಕೆಲಸ ನಿಧಾನವಂತೆ. ನಿಧಾನವೇ ಆಗಲಿ. ಅದು ಮುಗಿಯುವವರೆಗೂ, ಮುಗಿದ ಮೇಲೆ ಹುಟ್ಟುವ ಹೊಸ ಪ್ರಶ್ನೆಗಳು ಮುಗಿಯುವವರೆಗೂ ಅವರ ಕೈಕಾಲು ಗಟ್ಟಿಯಿರಲಿ, ಆಯುಸ್ಸು ಅಷ್ಟುದ್ದ ಬೆಳೆಯಲಿ. ಒದ್ದೆ ಬಟ್ಟೆ ಮಾತ್ರ ಇನ್ನುಮುಂದೆ ಮುಖ್ಯಸ್ಥೆಯ ಮೇಜಿನೊಳಗೆ, ಬೀಗದಲ್ಲಿರುತ್ತದೆ.