ಈಜುಕೊಳದ ಮೆಟ್ಟಿಲಲ್ಲಿ ಉಳಿದ ಒಂದು ಜೊತೆ ಚಪ್ಪಲಿ

ಮೇ ಹತ್ತು, ಶನಿವಾರ, ಬೆಳಿಗ್ಗೆ ಆರೂವರೆ. ಬಸವೇಶ್ವರನಗರದ ನಮ್ಮ ಬಡಾವಣೆಯ ಈಜುಕೊಳದಲ್ಲಿ ಮಹಿಳೆಯರ ಬ್ಯಾಚು ಎಂದಿನಂತೆ ಶುರುವಾಯಿತು. ನಾನು ಲೈಫ್‌ಗಾರ್ಡ್ ತರಬೇತಿಗೆ ಸೇರಿ ಅಂದಿಗೆ ಆರು ವಾರ. ಕೊರಳಲ್ಲಿ ಸೀಟಿ, ಕೈಯಲ್ಲಿ ಉದ್ದನೆಯ ಕೋಲು, ಮೈಮೇಲೆ ಅಳತೆಗಿಂತ ದೊಡ್ಡದಾದ ಕೆಂಪು ಟೀ ಶರ್ಟು. ನೀರಿಗಿಳಿಯುವ ಹೆಂಗಸರೆಲ್ಲ ನನ್ನ ತಾಯಿಯ ವಯಸ್ಸಿನವರು, ಕೆಲವರು ಅಜ್ಜಿಯ ವಯಸ್ಸಿನವರು. ಅವರನ್ನು ಕಾಯುವುದು ನನ್ನ ಕೆಲಸ.

ನಮಗೆ ಕಲಿಸುತ್ತಿದ್ದವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದೆವು. ಒಂದು ಕಾಲದಲ್ಲಿ ಸ್ಪರ್ಧೆಗಳಲ್ಲಿ ಈಜಿದವರು; ಈಗ ಐವತ್ತು ದಾಟಿದೆ. ಮೊದಲ ದಿನ ಅವರು ಕೇಳಿದ ಪ್ರಶ್ನೆ, “ಮುಳುಗ್ತಿರೋರು ಏನ್ ಮಾಡ್ತಾರೆ ಹೇಳು?” ಎಂದು. ನಾನು, “ಕೂಗ್ತಾರೆ, ಕೈ ಬೀಸ್ತಾರೆ” ಎಂದೆ. “ಅದು ಸಿನಿಮಾದಲ್ಲಿ. ಇಲ್ಲಿ ಏನೂ ಮಾಡಲ್ಲ. ಸುಮ್ನೆ ಕೆಳಗೆ ಹೋಗ್ತಾರೆ. ಅದಕ್ಕೇ ಹತ್ತು ನಿಮಿಷಕ್ಕೊಂದು ಸಲ ತಲೆ ಎಣಿಸ್ಬೇಕು” ಎಂದರು.

ನನಗೆ ಈ ಕೆಲಸ ಇಷ್ಟವಾಯಿತು. ನಾನು ಮೊದಲಿನಿಂದಲೂ ಎಣಿಸುವವಳು. ತಳದಿಂದ ರಬ್ಬರ್ ಇಟ್ಟಿಗೆ ಎತ್ತಿ ತರುವ ಅಭ್ಯಾಸದಲ್ಲಿ ಎಷ್ಟು ಸಲ ಗೆದ್ದೆ, ಎಷ್ಟು ಸಲ ಕಿವಿನೋವಿಗೆ ಹೆದರಿ ಅರ್ಧಕ್ಕೇ ಮೇಲೆ ಬಂದೆ ಎಂಬುದೂ ನನ್ನ ದಿನಚರಿಯಲ್ಲಿ ಇದೆ. ತಲೆ ಎಣಿಸುವುದು ಇದೆಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ.

ಆದರೆ ಆ ಹೆಂಗಸರು ಎಣಿಸಲು ಬಿಡಲಿಲ್ಲ. ಮೊದಲ ಸಲ ನಾನು ಬೆರಳು ತೋರಿಸುತ್ತಾ ನಾಲ್ಕನೆಯವರ ತನಕ ಬಂದಿದ್ದೆನೋ ಇಲ್ಲವೋ, ಲಗ್ಗೆರೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬರು ನೀರಿನೊಳಗಿಂದಲೇ ಗದರಿದರು. ಬ್ಯಾಚಿನಲ್ಲಿ ಬಾಯಿ ಜೋರು ಅವರದೇ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

“ಏಯ್, ಏನೇ ಅದು, ಬೆರಳು ತೋರಿಸ್ಕೊಂಡು? ನಾವೇನು ಸಂತೆಗೆ ಬಂದಿರೋ ಕುರಿಗಳಾ?”

“ಲೆಕ್ಕ ಅಕ್ಕ. ಯಾರಾದ್ರೂ ಕಮ್ಮಿ ಆದ್ರೆ ಗೊತ್ತಾಗ್ಲಿ ಅಂತ.”

“ಬಿಡ್ತು ಅನ್ನೇ! ಯಾಕೆ ಕಮ್ಮಿ ಆಗ್ತೀವಿ?”

ಅವರ ಪಕ್ಕದಲ್ಲಿ ಗೋಡೆಯ ಕಂಬಿ ಹಿಡಿದು ನಿಂತಿದ್ದ, ಹಳದಿ ಟೋಪಿಯ ಆಂಟಿ ಮೆಲ್ಲಗೆ ಹೇಳಿದರು. ಕುರುಬರಹಳ್ಳಿಯವರು, ಮಂಡಿನೋವಿಗೆ ನೀರಿನ ವ್ಯಾಯಾಮ ಮಾಡಲು ಡಾಕ್ಟರು ಹೇಳಿದ್ದರಿಂದ ಬರುತ್ತಿದ್ದವರು. ಎರಡು ತಿಂಗಳಾದರೂ ಕಂಬಿ ಬಿಟ್ಟಿರಲಿಲ್ಲ. “ಬೇಡ ಕಣಮ್ಮ, ಜನಾನ ಎಣಿಸ್ಬಾರ್ದು. ದೃಷ್ಟಿ ಆಗುತ್ತೆ. ನಮ್ಮತ್ತೆ ಊಟಕ್ಕೆ ಬಡಿಸೋವಾಗ್ಲೂ ಎಲೆ ಎಣಿಸ್ತಿದ್ರೇ ಹೊರತು ತಲೆ ಎಣಿಸ್ತಿರ್ಲಿಲ್ಲ.”

ಉಳಿದವರೂ ಹೌದು ಹೌದು ಎಂದರು. ಅಂದಿನಿಂದ ನಾನು ಅವರ ಕಡೆ ತಿರುಗಿ ತುಟಿ ಅಲ್ಲಾಡಿಸಿದರೆ ಸಾಕು, ಇಬ್ಬರು ಮೂವರು ನಗುತ್ತಾ ನೀರಿನೊಳಗೆ ತಲೆ ಮುಳುಗಿಸಿಬಿಡುತ್ತಿದ್ದರು. ಲೆಕ್ಕ ಪ್ರತಿ ಸಲವೂ ತಪ್ಪುತ್ತಿತ್ತು. ಮೇಡಂಗೆ ಹೇಳಿದರೆ, “ಅವ್ರ ಜೊತೆ ಜಗಳ ಬೇಡ, ಬೇರೆ ದಾರಿ ಹುಡುಕು” ಎಂದರು.

ದಾರಿ ಆ ಆಂಟಿಯ ಮಾತಿನಲ್ಲೇ ಇತ್ತು. ಕೊಳದ ಆವರಣದೊಳಗೆ ಚಪ್ಪಲಿ ಹಾಕುವಂತಿಲ್ಲ. ಕಾಲು ತೊಳೆಯುವ ತೊಟ್ಟಿಯ ಪಕ್ಕದ ಮೆಟ್ಟಿಲಲ್ಲೇ ಎಲ್ಲರೂ ಬಿಡಬೇಕು; ನನ್ನದೂ ಮೇಡಂ ಅವರದೂ ಮಾತ್ರ ಆಫೀಸು ಕೋಣೆಯಲ್ಲಿರುತ್ತಿದ್ದವು. ತಲೆಯ ಬದಲು ನಾನು ಚಪ್ಪಲಿ ಎಣಿಸತೊಡಗಿದೆ. ಅವು ಮುಳುಗುವುದಿಲ್ಲ, ಗದರುವುದಿಲ್ಲ. ನೀರಿನಲ್ಲಿ ಮಾತ್ರ ಟೋಪಿಗಳನ್ನು ಕಣ್ಣಲ್ಲೇ ಎಣಿಸಿ, ಎರಡನ್ನೂ ಹೋಲಿಸುತ್ತಿದ್ದೆ. ಮೂರು ವಾರ ಎರಡೂ ಸರಿಹೋಗುತ್ತಿದ್ದವು. ಯಾರಾದರೂ ಮುಳುಗಿ ತಮಾಷೆ ಮಾಡಿದರೆ ಒಂದು ಕಮ್ಮಿಯಾಗುವುದು, ಅವರು ಕೆಮ್ಮುತ್ತಾ ಮೇಲೆ ಬಂದ ಕೂಡಲೇ ಸರಿಯಾಗುವುದು.

ಆ ಶನಿವಾರ ಏಳು ಗಂಟೆಯ ಲೆಕ್ಕದಲ್ಲಿ ಚಪ್ಪಲಿ ಇಪ್ಪತ್ತೇಳು ಜೊತೆ ಇದ್ದವು. ಟೋಪಿ ಇಪ್ಪತ್ತಾರು.

ಯಾರೋ ಮುಳುಗಿ ಆಡುತ್ತಿದ್ದಾರೆ ಅಂದುಕೊಂಡು ಕಾದೆ. ಮತ್ತೆ ಎಣಿಸಿದೆ. ಇಪ್ಪತ್ತಾರೇ. ಬಟ್ಟೆ ಬದಲಿಸುವ ಕೋಣೆಗೂ ಬಾತ್‌ರೂಮಿಗೂ ಓಡಿ ಬಾಗಿಲು ಬಡಿದೆ; ಯಾರೂ ಇರಲಿಲ್ಲ. ತಿರುಗಿ ಬಂದು ಆಳದ ಕಡೆ ನೋಡಿದೆ. ಅಲ್ಲಿ ಒಂಬತ್ತು ಅಡಿ ನೀರು. ಪಕ್ಕದ ನಾಲ್ಕು ಮಹಡಿಯ ಕಟ್ಟಡದ ನೆರಳು ಬೆಳಗಿನ ಹೊತ್ತು ಅದರ ಮೇಲೇ ಬೀಳುತ್ತದೆ. ತಳದ ಕಪ್ಪು ಗೆರೆ ಅರ್ಧದ ತನಕ ಕಾಣಿಸಿ, ಆಮೇಲೆ ಮಸುಕಾಗಿತ್ತು. ಅನುಮಾನ ಬಂದ ಮೇಲೆ ಸೀಟಿ ಊದಲು ಯಾರ ಅಪ್ಪಣೆಯೂ ಬೇಡ ಎಂದು ಮೇಡಂ ಹೇಳಿದ್ದರು. ಊದಿದೆ. ಮೂರು ಸಲ, ಉದ್ದಕ್ಕೆ.

“ಎಲ್ಲರೂ ಹೊರಗೆ ಬನ್ನಿ! ಈಗ್ಲೇ!”

“ಏನಾಯ್ತೇ, ಹಾವು ಗೀವು ಬಂತಾ?” ಎಂದರು ಲಗ್ಗೆರೆ ಅಕ್ಕ.

“ಒಬ್ರು ಕಮ್ಮಿ ಇದಾರೆ.”

ಆ ಮಾತಿಗೆ ಯಾರೂ ಬಿಡ್ತು ಅನ್ನಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಏಣಿ ಹತ್ತಿದರು. ಆಫೀಸು ಕೋಣೆಯಿಂದ ಓಡಿ ಬಂದ ಮೇಡಂ ನನ್ನ ಮುಖ ನೋಡಿದರು. “ನಾನು ಎಡಗಡೆ, ನೀನು ಬಲಗಡೆ” ಎಂದು ನನಗೆ ಹೇಳಿ, ಹೆಂಗಸರ ಕಡೆ ತಿರುಗಿ, “ನೀವೆಲ್ಲ ಹೋಗಿ ನಿಮ್ಮ ನಿಮ್ಮ ಚಪ್ಪಲಿ ಹಾಕ್ಕೊಂಡು ನಿಂತ್ಕೊಳ್ಳಿ” ಎಂದು ಕೂಗಿ ಹಾರಿದರು. ಹಿಂದೆಯೇ ನಾನೂ ಹಾರಿದೆ.

ಕಿವಿ ನೋಯುತ್ತಿತ್ತೋ ಇಲ್ಲವೋ ನೆನಪಿಲ್ಲ. ತಳದ ಹೆಂಚುಗಳನ್ನು ಎರಡೂ ಕೈಯಿಂದ ತಡವುತ್ತಾ ಹೋದೆ. ನೀರು ಹೊರಹೋಗುವ ಜಾಲರಿಯ ಹತ್ತಿರ ಬೆರಳಿಗೆ ಬಟ್ಟೆ ಸಿಕ್ಕಿತು. ಹಿಡಿದು ಎಳೆದೆ. ಭಾರವೇ ಇಲ್ಲದೆ ಬಂತು. ಯಾರೋ ಕಳೆದುಕೊಂಡಿದ್ದ ಸಣ್ಣ ಟವೆಲ್ಲು.

ಉಸಿರಿಗೆಂದು ಮೇಲೆ ಬಂದಾಗ ಮೆಟ್ಟಿಲ ಕಡೆ ಕಣ್ಣು ಹೋಯಿತು. ಹೆಂಗಸರೆಲ್ಲ ಒದ್ದೆ ಬಟ್ಟೆಯಲ್ಲಿ, ತಂತಮ್ಮ ಚಪ್ಪಲಿ ಮೆಟ್ಟಿ, ಸಾಲಾಗಿ ನಿಂತಿದ್ದರು. ಖಾಲಿಯಾದ ಮೆಟ್ಟಿಲಲ್ಲಿ ಒಂದೇ ಒಂದು ಜೊತೆ ಉಳಿದಿತ್ತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಹಿಮ್ಮಡಿ ಸವೆದದ್ದು, ಒಂದರ ಪಟ್ಟಿಗೆ ಸೇಫ್ಟಿ ಪಿನ್ನು.

“ಅಯ್ಯೋ, ಅದು ಹಳದಿ ಟೋಪಿಯವ್ರದು!” ಎಂದರು ಲಗ್ಗೆರೆ ಅಕ್ಕ. “ನನ್ ಪಕ್ಕದಲ್ಲೇ ಇದ್ರಲ್ಲೇ ಆಗ್ಲೇ...”

ಕಂಬಿ ಬಿಡದವರು. ಕೈ ತಪ್ಪಿದರೆ ಕೂಗಲೂ ಬಾರದವರು. ನಾನು ಮತ್ತೆ ಮುಳುಗಿದೆ. ಈ ಸಲ ಅವರ ಮುಖ ಕಣ್ಣ ಮುಂದೆ ಇತ್ತು, ಆದ್ದರಿಂದ ತಳ ಇನ್ನೂ ದೂರವಿದ್ದಂತೆ ಅನಿಸಿತು. ಮೂಲೆಯಿಂದ ಮೂಲೆಗೆ ಹೋದೆ. ಮೇಡಂ ಎದುರಾದರು, ನೀರಿನೊಳಗೇ ತಲೆಯಾಡಿಸಿದರು: ಇಲ್ಲ.

ಎದೆ ಒಡೆಯುವಂತಾಗಿ ಮೂರನೆಯ ಸಲ ಮೇಲೆ ಬಂದಾಗ ಮೊದಲು ಕಿವಿಗೆ ಬಿದ್ದದ್ದು ಕುಕ್ಕರಿನ ಸೀಟಿ. ಲಗ್ಗೆರೆ ಅಕ್ಕ ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲರ ಮಧ್ಯೆ ಹಿಡಿದಿದ್ದರು.

“ಹಲೋ, ಯಾರು? ಯಾಕಮ್ಮಾ ಎಲ್ಲ ಒಟ್ಟಿಗೆ ಅಳ್ತಾ ಇದೀರಾ? ಏನಾಯ್ತು?” ಫೋನಿನೊಳಗಿಂದ ಹಳದಿ ಟೋಪಿಯ ಆಂಟಿಯ ದನಿ.

“ಎಲ್ಲಿದೀರಾ ನೀವು?”

“ಮನೇಲಿ. ಬೇಳೆ ಬೇಯಕ್ಕಿಟ್ಟಿದೀನಿ. ಮೊಮ್ಮಗು ಎದ್ದುಬಿಟ್ಟಿದೆ ಅಂತ ಸೊಸೆ ಫೋನ್ ಮಾಡಿದ್ಲು, ಬೇಗ ಬಂದೆ.”

“ಚಪ್ಪಲಿ ಇಲ್ಲೇ ಇದೆಯಲ್ರೀ!”

ಅತ್ತಲಿಂದ ನಾಚಿಕೆಯ ನಗು. “ಶನಿವಾರ ಅಲ್ವಾ... ಬೇಕು ಅಂತಲೇ ಬಿಟ್ಟು ಬಂದೆ. ಎರಡು ವರ್ಷದಿಂದ ಮಂಡಿನೋವು, ಮಗನಿಗೆ ಕೆಲಸದ್ದು ತಾಪತ್ರಯ. ಶನಿವಾರ ಚಪ್ಪಲಿ ಬಿಟ್ಟು ಬಂದ್ರೆ ಶನಿ ಬಿಡುತ್ತೆ ಅಂದ್ರು. ದೇವಸ್ಥಾನದ ಹತ್ರ ಬಿಟ್ರೆ ಪೂಜಾರಪ್ಪ ಬೈತಾರೆ. ಅದಕ್ಕೇ...”

“ಅದಕ್ಕೇ ನಮ್ ತಲೆ ಮೇಲೆ ಬಿಟ್ರಾ ಶನೀನ!” ಎಂದರು ಲಗ್ಗೆರೆ ಅಕ್ಕ. ಅವರ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕೆಲವರು ನಗುತ್ತಾ ನೆಲದ ಮೇಲೇ ಕುಳಿತುಬಿಟ್ಟರು.

ಮೇಡಂ ಕೊಳದ ಅಂಚು ಹಿಡಿದು ಹಣೆಯನ್ನು ಅದರ ಮೇಲಿಟ್ಟು ಉಸಿರು ಬಿಟ್ಟರು. ನಾನು ಏಣಿ ಹತ್ತದೆ ನೀರಿನಲ್ಲೇ ಉಳಿದೆ. ನೀರು ನನ್ನ ಸುತ್ತ ಸುಮ್ಮನೆ ತೂಗುತ್ತಿತ್ತು. ಒಂಬತ್ತು ಅಡಿಯ ತಳವನ್ನು ಇಂಚಿಂಚೂ ಮುಟ್ಟಿ ಬಂದಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಅಷ್ಟು ಖಾಲಿಯಾದ, ಅಷ್ಟು ಚಂದದ ನೀರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಗೇಟಿನ ಅಣ್ಣನನ್ನು ಮೇಡಂ ವಿಚಾರಿಸಿದರು. “ಬರಿಗಾಲಲ್ಲಿ ಒಬ್ರು ಆಚೆ ಹೋಗಿದ್ದು ನೋಡ್ಲಿಲ್ವಾ ನೀವು?”

“ಲೇಡೀಸ್ ಬ್ಯಾಚಲ್ಲಿ ತಲೆ ಎತ್ತಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಡಂ. ಯಾರೋ ಹೋದಂಗಾಯ್ತು. ನಾನು ಪೇಪರ್ ನೋಡ್ತಿದ್ದೆ.”

“ಕಾಲಾದ್ರೂ ಕಾಣ್ಬೇಕಿತ್ತಲ್ಲಪ್ಪ, ತಲೆ ತಗ್ಗಿಸ್ಕೊಂಡಿದ್ರೆ!” ಎಂದು ಲಗ್ಗೆರೆ ಅಕ್ಕ ಕೇಳಿದ್ದಕ್ಕೆ ಅವನು ಪೇಪರು ಮಡಚಿ ಪಕ್ಕಕ್ಕಿಟ್ಟ.

ಉಳಿದದ್ದು ಆ ಚಪ್ಪಲಿಯ ಪ್ರಶ್ನೆ. ಯಾರೂ ಮುಟ್ಟಲು ಒಪ್ಪಲಿಲ್ಲ. ಯಾರೂ ತಂದುಕೊಡಬೇಡಿ, ಬಿಟ್ಟದ್ದು ತಿರುಗಿ ಬರಬಾರದು ಎಂದು ಆಂಟಿ ಫೋನಿನಲ್ಲೇ ಬೇಡಿಕೊಂಡಿದ್ದರು. ಕೊನೆಗೆ ಮೇಡಂ ನೀರಿನಿಂದ ಜನರನ್ನು ಎಳೆಯುವ ಉದ್ದನೆಯ ಕೋಲಿನಲ್ಲೇ ಅದನ್ನು ಒಂದೊಂದಾಗಿ ಎತ್ತಿ, ಗೇಟಿನಾಚೆ ಕಸದ ಗಾಡಿ ನಿಲ್ಲುವ ಜಾಗದಲ್ಲಿಟ್ಟು ಬಂದರು. ಆ ದಿನದ ರಕ್ಷಣಾ ಕಾರ್ಯ ಅದೊಂದೇ.

ಆಮೇಲೆ ಅವರು ನನ್ನ ಪಕ್ಕ ಬಂದು ಕುಳಿತರು. ಬೈಯುತ್ತಾರೆ ಎಂದುಕೊಂಡೆ. “ಮೇಡಂ, ಸುಮ್ನೆ ಎಲ್ರಿಗೂ ಗಾಬರಿ ಮಾಡ್ಬಿಟ್ಟೆ” ಎಂದೆ.

“ಮುಂದಿನ ಸಲಾನೂ ಮಾಡು” ಎಂದರು. “ಆದ್ರೆ ಚಪ್ಪಲಿ ನಂಬೋದು ಸಾಕು. ಇವತ್ತು ಚಪ್ಪಲಿ ಇತ್ತು, ಜನ ಇರ್ಲಿಲ್ಲ. ನಾಳೆ ಯಾರೋ ಬರಿಗಾಲಲ್ಲಿ ಬಂದು ಮುಳುಗಿದ್ರೆ?”

ಅದು ನನಗೆ ಹೊಳೆದೇ ಇರಲಿಲ್ಲ.

ಸೋಮವಾರ ಹಳದಿ ಟೋಪಿಯ ಆಂಟಿ ಹೊಸ ಚಪ್ಪಲಿ ಹಾಕಿಕೊಂಡು ಬಂದರು. ಎಲ್ಲರ ಕೈಲೂ ಬೈಸಿಕೊಂಡರು, ತಾವೂ ನಕ್ಕರು. ನೀರಿಗಿಳಿಯುವ ಮೊದಲು ಅವರೇ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. “ನನಗೋಸ್ಕರ ತಳದ ತನಕ ಹೋಗಿದ್ದೆಯಂತೆ. ಇನ್ನು ಎಣಿಸ್ಕೋ ಕಣಮ್ಮ. ಆದ್ರೆ ಒಂದು ಅನ್ಬೇಡ. ನಮ್ಮನೇಲಿ ಕೊಳಗದಲ್ಲಿ ರಾಗಿ ಅಳೆಯೋವಾಗ ಮೊದಲ್ನೇದಕ್ಕೆ ಒಂದು ಅಂತಿರ್ಲಿಲ್ಲ, ಲಾಭ ಅಂತಿದ್ರು. ಹಂಗೆ ಎಣಿಸಿದ್ರೆ ದೃಷ್ಟಿ ಆಗಲ್ಲ.”

“ಹಂಗಾದ್ರೆ ಮೊದ್ಲು ನೀವೇ ನಿಂತ್ಕೊಳ್ಳಿ” ಎಂದರು ಲಗ್ಗೆರೆ ಅಕ್ಕ. “ಕಳೆದುಹೋಗಿ ಸಿಕ್ಕಿದೀರಾ, ಲಾಭ ಅಂದ್ರೆ ನೀವೇ.”

ಹೀಗೆ ನಮ್ಮ ಎಣಿಕೆ ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ನಾನು ಸಣ್ಣಗೆ ಸೀಟಿ ಊದುತ್ತೇನೆ. ಕಂಬಿ ಹಿಡಿದ ಆಂಟಿ ‘ಲಾಭ’ ಎನ್ನುತ್ತಾರೆ, ಪಕ್ಕದವರು ಎರಡು, ಅವರ ಪಕ್ಕದವರು ಮೂರು. ಸದ್ದು ಕೊಳದ ಸುತ್ತ ಒಂದು ಸುತ್ತು ಬಂದು ನನ್ನ ಕಾಲ ಬಳಿ ಮುಗಿಯುತ್ತದೆ. ಬೇಗ ಹೊರಡುವವರು ನನ್ನ ಕೈ ಮುಟ್ಟಿ ಹೇಳಿಯೇ ಹೊರಡುತ್ತಾರೆ. ಅಂದಿನಿಂದ ಇಂದಿನವರೆಗೆ ಒಂದು ಸಲವೂ ಕಮ್ಮಿ ಬಂದಿಲ್ಲ. ಪರೀಕ್ಷೆ ಪಾಸಾಗಿ ನನ್ನ ಅಂಗಿಯೂ ಬದಲಾಗಿದೆ, ಅಳತೆ ಈಗಲೂ ದೊಡ್ಡದೇ.

ಒಂದು ತೊಡಕು ಮಾತ್ರ ಉಳಿದಿದೆ. ರಾಗಿ ಅಳೆಯುವಾಗ ಏಳಕ್ಕೂ ಬೇರೊಂದು ಮಾತು ಇತ್ತು ಎಂದು ಆಂಟಿಗೆ ನೆನಪು. ಆದರೆ ಆ ಮಾತು ಯಾವುದೆಂದು ಅವರಿಗೂ ಮರೆತಿದೆ, ಬ್ಯಾಚಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಏಳನೆಯವರು ಬಾಯಿ ಬಿಡದೆ ಕೈ ಎತ್ತುತ್ತಾರೆ. ನಾನು ಬೆನ್ನು ತಿರುಗಿಸಿ ನಿಂತಿದ್ದರೆ ನನಗೆ ಅದು ಗೊತ್ತಾಗುವುದಿಲ್ಲ. ನಿಮ್ಮ ಮನೆಯ ಹಿರಿಯರು ಕಾಳು ಅಳೆಯುವಾಗ ಏಳಕ್ಕೆ ಏನೆನ್ನುತ್ತಿದ್ದರು? ನಿಮ್ಮ ಕಡೆಯ ಈಜುಕೊಳಗಳಲ್ಲಿ ಎಣಿಸಿಕೊಳ್ಳಲು ಒಪ್ಪದವರನ್ನು ಹೇಗೆ ಎಣಿಸುತ್ತಾರೆ? ಗೊತ್ತಿದ್ದವರು ದಯವಿಟ್ಟು ನನಗೆ ಬರೆದು ತಿಳಿಸಿ.