ಟ್ರೈನಿಯಮ್ಮ

ಮಗಳು ಕಾಲೇಜು ಮೆಟ್ಟಿಲು ಹತ್ತಿದ ವರ್ಷವೇ ತಾಯಿಯೂ ಆಡಿಟರ್ ಪರೀಕ್ಷೆಗೆ ಫೀಸು ಕಟ್ಟಿದಳು. ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ನಿಂತಿದ್ದ ಓದು ಅದು. ಗಂಡ ಬೇಡವೆನ್ನಲಿಲ್ಲ. ಅತ್ತೆ ಮಾತ್ರ, ಈ ವಯಸ್ಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತದೆಯೇ ಎಂದು ಕೇಳಿ, ಉತ್ತರಕ್ಕೂ ಕಾಯದೆ, ನಮ್ಮ ಸೊಸೆ ಆಡಿಟರ್ ಎಂದು ಬೀದಿಗೆಲ್ಲ ಸಾರಿಬಂದರು. ಸೊಸೆ ಇನ್ನೂ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು.

ಪರೀಕ್ಷೆಯ ಜೊತೆಗೆ ಯಾರಾದರೂ ಆಡಿಟರ ಕೈಕೆಳಗೆ ತರಬೇತಿಯನ್ನೂ ಮುಗಿಸಬೇಕಿತ್ತು. ಅವಳಿಗೆ ಸಿಕ್ಕಿದ್ದು ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಆಫೀಸು. ದೊಡ್ಡ ಆಡಿಟರು ಕಣ್ಣು ಮಂಜಾಗಿ ಮನೆ ಹಿಡಿದಿದ್ದರು. ಅವರ ಕುರ್ಚಿಯಲ್ಲಿ ಈಗ ಮಗ ಕೂತಿದ್ದ. ನೋಡಿದರೆ ಹೈಸ್ಕೂಲಿನ ಕ್ಲಾಸ್ ಲೀಡರ್ ಅನ್ನಬೇಕು, ಅಂಥ ಮುಖ. ಅಪ್ಪನ ಗಾಂಭೀರ್ಯ ಬರಲೆಂದು ಅಪ್ಪನ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದ. ಒಂದೇ ವರ್ಷದಲ್ಲಿ ಎಲ್ಲ ಕೆಲಸ ಕಲಿಸಿಬಿಡುತ್ತೇನೆ ಎಂದು ಮಾತು ಕೊಟ್ಟ. ಪರೀಕ್ಷೆಗೆ ರಜೆ ಕೇಳಿದ್ದಕ್ಕೆ, ಖಂಡಿತ, ಕೈಯಲ್ಲಿರುವ ಕೆಲಸ ಮುಗಿದ ಕೂಡಲೇ ಎಂದ. ಆ ಆಫೀಸಿನಲ್ಲಿ ಕೈಯಲ್ಲಿರುವ ಕೆಲಸ ಯಾವ ಕಾಲಕ್ಕೂ ಮುಗಿದದ್ದಿಲ್ಲವೆಂದು ಆಮೇಲೆ ಗೊತ್ತಾಯಿತು.

ಮೊದಲ ತಿಂಗಳುಗಳಲ್ಲಿ ಅವಳು ಕಲಿತದ್ದು ಇಷ್ಟು: ಝೆರಾಕ್ಸ್ ಮಶೀನಿಗೆ ಎಡಗಡೆ ಗುದ್ದಿದರೆ ಸಿಕ್ಕಿಬಿದ್ದ ಕಾಗದ ಈಚೆ ಬರುತ್ತದೆ, ಮತ್ತು ಪಕ್ಕದಲ್ಲೇ ಕೂತ ಸಾರ್ ಫೋನಿನವರ ಪಾಲಿಗೆ ಯಾವಾಗಲೂ ಮೀಟಿಂಗಿನಲ್ಲಿರುತ್ತಾರೆ. ಜೊತೆಯ ಟ್ರೈನಿ ಹುಡುಗರು ಅವಳನ್ನು ಆಂಟಿ ಅನ್ನಬೇಕೋ ಮೇಡಂ ಅನ್ನಬೇಕೋ ತೋಚದೆ ಕೊನೆಗೆ ‘ಟ್ರೈನಿಯಮ್ಮ’ ಎಂಬಲ್ಲಿಗೆ ಬಂದು ನಿಂತರು. ಸಂಜೆ ಮನೆಯಲ್ಲಿ ತಾಯಿ ಮಗಳು ಒಂದೇ ಟೇಬಲ್ಲಿಗೆ ಓದಲು ಕೂರುವರು. ಅಮ್ಮ ತೂಕಡಿಸಿದರೆ ಮಗಳು ಸ್ಕೇಲಿನಿಂದ ಟೇಬಲ್ ಕುಟ್ಟುವಳು. ಹಳೆಯ ಲೆಕ್ಕವೆಲ್ಲ ಹೀಗೆ ಬಡ್ಡಿ ಸಮೇತ ಚುಕ್ತಾ ಆಗುತ್ತಿತ್ತು.

ವರ್ಷದ ಕೊನೆಗೆ ಆಡಿಟರ್ ಅವಳನ್ನು ಕರೆದುಕೊಂಡು ಮೇಜು ಕುರ್ಚಿ ಮಾಡುವ ಕಾರ್ಖಾನೆಗೆ ಹೋದ. ಗೋಡೌನಿನ ಸರಕು ಎಣಿಸುವ ಕೆಲಸ. ಮಾಲೀಕರಿಗೆ ದೊಡ್ಡ ಆಡಿಟರು ಗೊತ್ತೇ ಹೊರತು ಮಗನ ಮುಖಪರಿಚಯವಿರಲಿಲ್ಲ. ಬಾಗಿಲಲ್ಲಿ ನಿಂತ ಇಬ್ಬರನ್ನೂ ಅಳೆದು ನೋಡಿದರು. ಕನ್ನಡಕ ಹಾಕಿದ, ಎರಡು ನರೆಗೂದಲಿನ ಹೆಂಗಸಿಗೆ ಮೆತ್ತನೆಯ ಕುರ್ಚಿ ಎಳೆದು ಕೊಟ್ಟರು. ಹುಡುಗನ ಕಡೆ ತಿರುಗಿ, “ತಮ್ಮಾ, ನೀನು ಗೋಡೌನಿಗೆ ಹೋಗಿ ಎಣಿಸು” ಎಂದರು.

ಅವಳು ತಿದ್ದಲು ಬಾಯಿ ತೆರೆದಳು. ಅಷ್ಟರಲ್ಲಿ ಮಾಲೀಕರು ಶುರು ಮಾಡಿಯಾಗಿತ್ತು. ಹೋದ ವರ್ಷ ರಿಪೋರ್ಟು ತಡವಾದದ್ದು, ಬ್ಯಾಂಕಿನವರೆದುರು ತಮ್ಮ ಮಾನ ಹೋದದ್ದು, ಫೋನು ಮಾಡಿದಾಗಲೆಲ್ಲ ಮೀಟಿಂಗು ಅಂದದ್ದು, ಎಲ್ಲ ಬಂತು. ಆಡಿಟರ್ ಬಾಗಿಲಲ್ಲೇ ನಿಂತು ಅರೆಗಳಿಗೆ ಕೇಳಿಸಿಕೊಂಡ. ಅವನ ಮುಖದಲ್ಲಿ ಅವಮಾನ ಮೂಡಿತು, ಮಾಯವಾಯಿತು, ಆ ಜಾಗದಲ್ಲಿ ನೆಮ್ಮದಿ ಬಂದು ಕೂತಿತು. “ಆಗ್ಲಿ ಸರ್” ಎಂದವನೇ ತಮ್ಮನಾಗಿ ಗೋಡೌನಿನ ಕಡೆ ಸಟಕಾಯಿಸಿದ.

ಬೈಗುಳ ಕೇಳುವುದು ಸಂಸಾರಸ್ಥೆಗೆ ಹೊಸದೇನಲ್ಲ. ಅತ್ತೆಗೆ ಹೇಳುವಂತೆಯೇ ನಡುನಡುವೆ, ನೀವು ಹೇಳೋದೂ ಸರಿ, ನೋಡೋಣ ಎನ್ನುತ್ತ ಕೂತಳು. ಮಾಲೀಕರು ಬೈದು ಬೈದು ಹಗುರಾಗಿ, ಎರಡನೇ ಸಲ ಟೀ ತರಿಸಿದರು. ವಾಪಸು ಬರುವಾಗ ಕಾರಿನಲ್ಲಿ ಆಡಿಟರ್ ಮೆಚ್ಚಿಕೊಂಡ. “ನಿಮಗೆ ಒಳ್ಳೆ ತಾಳ್ಮೆ ಇದೆ. ಇನ್ಮೇಲೆ ಇಂಥ ಕಡೆಗೆಲ್ಲ ನೀವೇ ಬನ್ನಿ.”

ಅಲ್ಲಿಗೆ ಅವಳ ತರಬೇತಿಯ ದಾರಿ ನಿಕ್ಕಿಯಾಯಿತು. ಊರಿನಲ್ಲಿ ಎಲ್ಲೆಲ್ಲಿ ರಿಪೋರ್ಟು ತಡವಾಗಿತ್ತೋ ಅಲ್ಲೆಲ್ಲ ಅವಳು ಮೆತ್ತನೆಯ ಕುರ್ಚಿಯಲ್ಲಿ ಕೂತು ಬೈಸಿಕೊಂಡಳು. ಸಾರ್ ಗೋಡೌನಿನ ತಂಪಿನಲ್ಲಿ ಮುಂದಿನ ಸಾಲು ಎಣಿಸಿ, ಹಿಂದಿನದನ್ನು ಅಂದಾಜು ಮಾಡಿ ಬರುತ್ತಿದ್ದ. ಪರೀಕ್ಷೆಯಲ್ಲಿ ಸರಕು ಎಣಿಕೆಯ ಮೇಲೆಯೇ ದೊಡ್ಡ ಪ್ರಶ್ನೆ ಬಂತು. ಗೋಡೌನಿನ ಹೊಸ್ತಿಲು ದಾಟದವಳು ಏನು ಬರೆದಾಳು? ಆಡಿಟ್ ಪೇಪರು ಮಕಾಡೆ ಮಲಗಿತು. ಉಳಿದ ಪೇಪರುಗಳು ಹೇಗೋ ದಾಟಿದ್ದವು.

ಸಾರ್ ಸಮಾಧಾನ ಹೇಳಲು ಬಂದ. ತಾನೂ ಅದೇ ಪೇಪರಿನಲ್ಲಿ ಎರಡು ಸಲ ಬಿದ್ದವನು ಎಂದ. ಅವಳಿಗೆ ಅಳು ಬಂದಿತ್ತು, ನುಂಗಿಕೊಂಡಳು.

“ಸರ್, ಬೈಸಿಕೊಳ್ಳೋದು ಸಿಲಬಸ್‌ನಲ್ಲಿಲ್ಲ. ಈ ಸಲ ನಾನು ಗೋಡೌನಿಗೆ ಹೋಗ್ತೀನಿ. ನೀವು ಒಳಗೆ ಕೂತ್ಕೊಳ್ಳಿ.”

“ಅವ್ರಿಗೆ ನಿಮ್ಮ ಮೇಲೆ ಗೌರವ ಇದೆ...”

“ಅದು ನಿಮ್ಮದೇ ಸರ್. ವಾಪಸ್ ಕೊಡ್ತಾ ಇದೀನಿ.”

ಮರುವರ್ಷ ಮತ್ತೆ ಆ ಕಾರ್ಖಾನೆಗೆ ಹೋದಾಗ ಬಾಗಿಲಲ್ಲೇ, ಇವರು ದೊಡ್ಡ ಆಡಿಟರ ಮಗ, ಈಗ ಇವರೇ ಆಡಿಟರು, ನಾನು ಟ್ರೈನಿ ಎಂದು ಹೇಳಿಬಿಟ್ಟಳು. ಮಾಲೀಕರು ಮೇಡಂ ತಮಾಷೆ ಮಾಡುತ್ತಿದ್ದಾರೆಂದು ನಕ್ಕರು. ಹುಡುಗನ ಮುಖ ನೋಡಿ ನಗು ನಿಲ್ಲಿಸಿದರು. ಹೋದ ಸಲ ತಪ್ಪು ವಿಳಾಸಕ್ಕೆ ಬೈದ ಸಿಟ್ಟೂ ಸೇರಿಕೊಂಡು ಮೊದಲಿನಿಂದ ಶುರು ಮಾಡಿದರು. ಅವಳು ಮೆಲ್ಲಗೆ ಬಾಗಿಲು ಮುಂದೆ ಮಾಡಿ ಹೊರಟಳು.

ಗೋಡೌನಿನಲ್ಲಿ ಸೆರಗು ಸಿಕ್ಕಿಸಿ, ಸೀನುತ್ತ, ಮುಂದಿನ ಸಾಲು ಸರಿಸಿ ಹಿಂದಕ್ಕೆ ಹೋದಳು. ಹೊಸ ಮಾಲೆಂದು ಬೆಲೆ ಕಟ್ಟಿದ್ದ ಕುರ್ಚಿಗಳು ಅಲ್ಲಿ ಕಾಲು ಮುರಿದುಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಬಂದು ಹೇಳಿದಾಗ ಮಾಲೀಕರು ಬೈಯುವುದನ್ನು ಬಿಟ್ಟು ಟೀ ತರಿಸಿದರು. ಆಡಿಟರಿಗೂ ಖುಷಿಪಡುವ ಹಾಗಿರಲಿಲ್ಲ. ಹೋದ ವರ್ಷ ಅವನ್ನೂ ಸೇರಿಸಿ ಸರಿಯಿದೆ ಎಂದವನು ಅವನೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಕ್ಕರೆ ಸಾಕೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿಕೊಂಡರು. ಕಡೆಗೆ ಲೆಕ್ಕದಲ್ಲಿ ಆ ಕುರ್ಚಿಗಳ ಬೆಲೆ ಇಳಿಯಿತು, ರಿಪೋರ್ಟು ಹೊತ್ತಿಗೆ ಸರಿಯಾಗಿ ಹೋಯಿತು.

ಮುಂದಿನ ಪರೀಕ್ಷೆಯಲ್ಲಿ ಆ ಪೇಪರೂ ಪಾಸಾಯಿತು. ಸಾರ್ ಎಲ್ಲರಿಗೂ ಐಸ್‌ಕ್ರೀಂ ಕೊಡಿಸಿ, ಎಲ್ಲ ತನ್ನ ತರಬೇತಿಯ ಫಲ ಎಂದ. ಅವಳು ಅಲ್ಲಗಳೆಯಲಿಲ್ಲ. ತರಬೇತಿ ಇನ್ನೂ ಬಾಕಿಯಿತ್ತು, ಮಾರನೆಯ ದಿನ ಪೇಂಟು ಕಂಪನಿಯ ಗೋಡೌನು. ಹಾಳಾದರೂ ಚಿಂತೆಯಿಲ್ಲದ ಹಳೇ ಚಪ್ಪಲಿಯೊಂದನ್ನು ಹುಡುಕಿ ಬಾಗಿಲ ಬಳಿ ಇಟ್ಟುಕೊಂಡಳು.