ಹೊಡೆಯದ ಬಲಗೈ

ಬಾಕ್ಸಿಂಗ್ ನೋಡುವ ಮಂದಿ ಅವನನ್ನು ಸುತ್ತಿಗೆ ಎಂದು ಕರೆಯುತ್ತಿದ್ದರು. ಅವನ ಕೆಲಸ ಗ್ಯಾರೇಜಿನಲ್ಲಿ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದು. ದಿನವಿಡೀ ಕೈಯಲ್ಲಿ ಸುತ್ತಿಗೆ ಇರುತ್ತಿತ್ತು ನಿಜ, ಆದರೆ ಹೆಸರು ಬಂದದ್ದು ಅವನ ಬಲಗೈಯಿಂದ. ಆ ಬಲಗೈ ಸರಿಯಾಗಿ ಬಿತ್ತೆಂದರೆ ಎದುರಿನವನಿಗೆ ತನ್ನ ಮನೆಯ ದಾರಿಯೇ ಮರೆತುಹೋಗುತ್ತಿತ್ತು. ಇಷ್ಟು ವರ್ಷ ರಿಂಗಿನಲ್ಲಿ ಅವನು ಬೇರೇನನ್ನೂ ಕಲಿಯಲಿಲ್ಲ, ಕಲಿಯುವ ಪ್ರಸಂಗವೂ ಬರಲಿಲ್ಲ. ಎಡಗೈ ಎನ್ನುವುದು ಅವನ ಪಾಲಿಗೆ ಊಟದ ಹೊತ್ತಿನಲ್ಲಿ ತಟ್ಟೆ ಹಿಡಿಯಲು ಇದ್ದ ಸಾಮಾನು.

ಅಂಥವನ ಹೆಸರನ್ನು ಒಬ್ಬ ಬಸ್ ಡ್ರೈವರ್ ಒಂದೇ ಸಂಜೆಯಲ್ಲಿ ಕಿತ್ತುಕೊಂಡ.

ಡ್ರೈವರ್ ಬೇರೆ ಕ್ಲಬ್ಬಿನವನು. ತೆಳ್ಳಗಿನ ಆಳು, ಕಾಲು ಒಂದು ಕಡೆ ನಿಲ್ಲದು, ಬಾಯಂತೂ ನಿಲ್ಲುವುದೇ ಇಲ್ಲ. ವರ್ಷಕ್ಕೊಮ್ಮೆ ನಡೆಯುವ ಪಂದ್ಯದಲ್ಲಿ ಇಬ್ಬರೂ ಎದುರಾದರು. ಮೊದಲೆರಡು ಸುತ್ತುಗಳಲ್ಲಿ ಸುತ್ತಿಗೆ ಬೀಸಿದ ಏಟೆಲ್ಲ ಗಾಳಿಗೆ ಹೋಯಿತು. ಮೂರನೆಯ ಸುತ್ತಿನಲ್ಲಿ ಡ್ರೈವರ್ ಎರಡೂ ಕೈ ಇಳಿಬಿಟ್ಟು, ತಗೋ ಎಂಬಂತೆ ಮುಖ ಮುಂದೆ ಚಾಚಿ ನಿಂತ. ಸುತ್ತಿಗೆ ಬೀಸಿದ, ಮುಖ ಅಲ್ಲಿರಲಿಲ್ಲ. ಮತ್ತೆ ಬೀಸಿದ; ಇನ್ನೆಲ್ಲೋ ಇತ್ತು. ಮೂರನೆಯ ಸಲ ಬೀಸಿದ ರಭಸಕ್ಕೆ ತಾನೇ ಮುಗ್ಗರಿಸಿ ಹಗ್ಗದ ಮೇಲೆ ಒರಗಿದ. ಆಗ ಡ್ರೈವರ್ ಜನರ ಕಡೆ ತಿರುಗಿ, ಗ್ಲೌಸಿನಲ್ಲೇ ಹಣೆ ಒರೆಸಿಕೊಂಡು, "ಆಹಾ, ಏನ್ ತಂಪು! ಯಾರೋ ಫ್ಯಾನ್ ಹಾಕಿದ್ರಲ್ಲಪ್ಪಾ!" ಎಂದ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸೋತದ್ದನ್ನು ಸುತ್ತಿಗೆ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಮುಂದಿನ ಸಾಲಿನಲ್ಲಿ ಅವನ ಹೆಂಡತಿಯ ಅಣ್ಣ ಕುಳಿತಿದ್ದರು. ಗ್ಯಾರೇಜಿನ ಮಾಲೀಕರೂ ಅವರೇ. ಆ ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು ಅವನು ಕಣ್ಣಾರೆ ಕಂಡ. ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನದಿಂದ ಅವನ ಹೆಸರು ಫ್ಯಾನ್. ಗ್ಯಾರೇಜಿಗೆ ಬಂದವರೆಲ್ಲ "ಏನ್ ಫ್ಯಾನಣ್ಣ, ಇವತ್ತು ಸ್ಪೀಡ್ ಎಷ್ಟಲ್ಲಿದೆ?" ಎನ್ನುವವರೇ. ಡ್ರೈವರನ ಬಸ್ಸು ಓಡುತ್ತಿದ್ದುದೂ ಅದೇ ರಸ್ತೆಯಲ್ಲಿ, ಹಾಳಾದ್ದು! ತಿರುವಿನಲ್ಲಿ ಬಸ್ಸು ನಿಧಾನವಾಗುತ್ತಿತ್ತು, ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ಅದರ ಒಂದು ಬೆರಳು ಗರಗರ ತಿರುಗುತ್ತಿತ್ತು. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಪ್ರಯಾಣಿಕರಿಗೂ ವಿಷಯ ತಿಳಿದು, ಬಸ್ಸಿಗೆ ಬಸ್ಸೇ ಗ್ಯಾರೇಜಿನ ಕಡೆ ಹಲ್ಲು ಕಿರಿಯತೊಡಗಿತು.

"ಮುಂದಿನ ವರ್ಷ ಮತ್ತೆ ಅವನ ಜೊತೆನೇ ಆಡ್ತೀನಿ," ಎಂದು ಅವನು ಹೆಂಡತಿಗೆ ಹೇಳಿದ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಮೆಷಿನ್ ನಿಲ್ಲಿಸದೆ ಕೇಳಿದಳು, "ಗೆಲ್ತೀರಾ?"

"ಗೆಲ್ಲೋದು ಯಾರಿಗ್ ಬೇಕೇ? ನನ್ನ ಹೊಟ್ಟೆ ಉರಿದ ಹಾಗೆ ಅವನ ಹೊಟ್ಟೆ ಉರೀಬೇಕು. ಕೂತಲ್ಲಿ ನಿಂತಲ್ಲಿ ಉರೀಬೇಕು."

"ಅದಕ್ಕೆ ಮೊದಲು ಏಟು ಅವನಿಗೆ ತಾಗಬೇಕಲ್ರೀ," ಎಂದಳು ಮಹಾತಾಯಿ. ಅವನು ತಟ್ಟೆ ತಳ್ಳಿ ಎದ್ದುಹೋದ.

ತಾಗುವುದು ಹೇಗೆ ಎಂದು ಅವನಿಗೆ ಹೊಳೆದದ್ದು ಕೆಲಸ ಕೆಡಿಸಿಕೊಂಡಾಗ. ಒಂದು ಬೆಳಿಗ್ಗೆ ಕಾರಿನ ಬಾಗಿಲೊಂದರ ನೆಗ್ಗು ತೆಗೆಯುತ್ತ ಕುಳಿತಿದ್ದ. ಬಸ್ಸು ಬಂತು, ಬೆರಳು ತಿರುಗಿತು. ಅವನಿಗೆ ಮೈಯೆಲ್ಲ ಬೆಂಕಿಯಾಗಿ, ಸುತ್ತಿಗೆ ಎತ್ತಿ ನೆಗ್ಗಿನ ನಡುಮಧ್ಯಕ್ಕೆ ಒಂದೇ ಏಟು ಜಡಿದ. ಅಲ್ಲಿಗೆ ತಗಡು ಹಿಗ್ಗಿತು. ಒಮ್ಮೆ ಹಿಗ್ಗಿದ ತಗಡು ಎಷ್ಟು ಒತ್ತಿದರೂ ಡಬ್ಬಿಯ ಮುಚ್ಚಳದ ಹಾಗೆ ಟಪ್ಪೆಂದು ಒಳಗೆ ಹೋಗುತ್ತದೆ, ಟಪ್ಪೆಂದು ಹೊರಗೆ ಬರುತ್ತದೆ, ನೆಟ್ಟಗೆ ಮಾತ್ರ ನಿಲ್ಲುವುದಿಲ್ಲ.

ಭಾವ ಓಡಿ ಬಂದರು. "ನಿಂಗೇನ್ ತಲೆ ಕೆಟ್ಟಿದೆಯೇನೋ? ಕೆಲಸ ಕಲಿಯೋಕೆ ಬಂದವರೂ ನಡುಮಧ್ಯ ಹೊಡೆಯಲ್ಲ! ಹಿಂದೆ ಕಬ್ಬಿಣದ ಗಟ್ಟಿ ಕೊಟ್ಟು ಅಂಚಿಂದ ಸಣ್ಣಗೆ ತಟ್ಟಿಕೊಂಡು ಬಾ ಅಂತ ಎಲ್ಲರಿಗೂ ಹೇಳಿಕೊಡೋನು ನೀನೇ ಅಲ್ವೇನೋ?"

ಬೈಗುಳ ಇನ್ನೂ ಬಹಳ ಹೊತ್ತು ನಡೆಯಿತು. ಸುತ್ತಿಗೆ ಕೇಳಿಸಿಕೊಂಡದ್ದು ಅಂಚು ಎಂಬ ಒಂದು ಮಾತನ್ನು. ಸಂಜೆ ನೇರವಾಗಿ ತನ್ನ ಕ್ಲಬ್ಬಿನ ಕೋಚ್ ಬಳಿ ಹೋಗಿ, "ನಂಗೆ ಎಡಗೈಯಲ್ಲಿ ಸಣ್ಣಗೆ ತಟ್ಟೋದು ಕಲಿಸಿ" ಎಂದ.

ಕೋಚ್ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಈ ವಯಸ್ಸಲ್ಲಾ? ನೋಡಪ್ಪಾ, ಹೊಡೆಯೋದನ್ನ ಯಾರಿಗೆ ಬೇಕಾದ್ರೂ ಕಲಿಸ್ತೀನಿ. ಹೊಡೆಯದೇ ಇರೋದನ್ನ ನಿನ್ನಂಥೋನಿಗೆ ಕಲಿಸೋಕೆ ನನ್ನಪ್ಪನ ಕೈಯಲ್ಲೂ ಆಗಲ್ಲ. ಸಿಟ್ಟು ಬಂತು ಅಂದ್ರೆ ನಿನ್ನ ಬಲಗೈ ನಿನ್ನನ್ನ ಕೇಳುತ್ತಾ?"

"ಕೇಳದಿದ್ರೆ ಕಟ್ಟಿಹಾಕಿ."

ಕೋಚ್ ಕಟ್ಟಿಯೇ ಹಾಕಿದರು. ಬ್ಯಾಂಡೇಜಿನಲ್ಲಿ ಬಲಗೈಯನ್ನು ಎದೆಗೆ ಬಿಗಿದು ರಿಂಗಿಗೆ ಬಿಟ್ಟರು. ಅಯ್ಯೋ, ಆ ಪಾಡು ನೋಡಬಾರದು! ನಿನ್ನೆ ಮೊನ್ನೆ ಸೇರಿದವರೆಲ್ಲ ಬಂದು ಬಂದು ಅವನ ಮೂಗಿಗೆ ಕೊಟ್ಟು ಹೋದರು. ಎಡಗೈ ಚಾಚಿದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಎಡಗೈ ಜೋತುಬೀಳುತ್ತಿತ್ತು. ಕಟ್ಟಿದ ಬಲಗೈ ಮಾತ್ರ ಬ್ಯಾಂಡೇಜಿನೊಳಗೆ ಗುದ್ದುತ್ತಲೇ ಇತ್ತು. ಮನೆಗೆ ಬಂದು ಬನಿಯನ್ ಬಿಚ್ಚಿದರೆ ಎದೆಯ ಮೇಲೆ ಅವನದೇ ಮುಷ್ಟಿಯ ಕೆಂಪು ಗುರುತು. ಎಷ್ಟೋ ಸಲ ಗ್ಲೌಸ್ ಬಿಸಾಡಿ ಬಾಗಿಲವರೆಗೆ ಹೋದ. ರಸ್ತೆಯಲ್ಲಿ ಯಾವುದಾದರೂ ಬಸ್ಸು ಕಂಡರೆ ಸಾಕು, ಹಲ್ಲು ಕಚ್ಚಿ ಒಳಗೆ ಬರುತ್ತಿದ್ದ. ದ್ವೇಷಕ್ಕಿಂತ ಒಳ್ಳೆಯ ಕೋಚ್ ಅವನಿಗೆ ಸಿಗುತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಕಟ್ಟು ಬಿಚ್ಚಿದರೂ ಬಲಗೈ ದವಡೆಯ ಪಕ್ಕ ಸುಮ್ಮನೆ ಕೂರುವುದನ್ನು ಕಲಿತಿತ್ತು.

ಪಂದ್ಯದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಬಂದದ್ದು ಫ್ಯಾನ್ ನೋಡಲಿಕ್ಕೆ. ಭಾವ ಈ ಸಲವೂ ಮುಂದಿನ ಸಾಲಿನಲ್ಲೇ.

ಗಂಟೆ ಹೊಡೆಯಿತು. ಡ್ರೈವರ್ ಕುಣಿಯುತ್ತ ಬಂದು ತಲೆ ಬಗ್ಗಿಸಿದ, ಬೀಸಿ ಬರುವ ಬಲಗೈ ತಪ್ಪಿಸಲು. ಬಲಗೈ ಬರಲಿಲ್ಲ. ಎಡಗೈ ಬಂದು ಅವನ ಭುಜದ ಮೇಲೆ ತಟ್ಟಿತು. ಆಮೇಲೆ ತೋಳಿಗೆ, ಆಮೇಲೆ ಹಣೆಯಂಚಿಗೆ. ಏಟೆನ್ನಲಾಗದಂಥ ಏಟುಗಳು. ಡ್ರೈವರ್ ನಕ್ಕ. "ಏನೋ ಇದು, ಸೊಳ್ಳೆ ಹೊಡೀತಿದ್ದೀಯಾ? ಬಲಗೈ ಎಲ್ಲೋ?"

"ಮನೇಲಿಟ್ಟು ಬಂದಿದ್ದೀನಿ," ಎಂದ ಸುತ್ತಿಗೆ, ಮತ್ತೆ ತಟ್ಟಿದ.

ಆದರೆ ಬಲಗೈ ಅಲ್ಲೇ ಇತ್ತಲ್ಲ, ದವಡೆಯ ಪಕ್ಕದಲ್ಲಿ! ಡ್ರೈವರ್ ಅದರಿಂದ ಕಣ್ಣು ಕೀಳಲೇ ಇಲ್ಲ. ಅದು ಕೂದಲೆಳೆಯಷ್ಟು ಅಲುಗಿದರೆ ಸಾಕು, ಅವನು ಮೈಯೆಲ್ಲ ಮುದುರಿ ಹಿಂದೆ ಹಾರುತ್ತಿದ್ದ. ಹಾರಿದಲ್ಲಿ ಎಡಗೈ ಕಾಯುತ್ತಿತ್ತು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಅವನ ಎಡಗಣ್ಣು ಊದಿತ್ತು, ಬಾಯಿ ಮುಚ್ಚಿತ್ತು. ಜನರು "ಹೊಡಿಯೋ! ಬಲಗೈ ಬಿಡೋ!" ಎಂದು ಕಿರುಚುತ್ತಿದ್ದರು. ಭಾವನೂ ಕುರ್ಚಿಯ ಮೇಲೆ ನಿಂತು ಅದನ್ನೇ ಕಿರುಚುತ್ತಿದ್ದರು.

ಮೂರನೆಯ ಸುತ್ತಿನ ಕೊನೆಗೆ ಡ್ರೈವರನ ಕೈಗಳು ತಾವಾಗಿಯೇ ಇಳಿದುಬಿದ್ದವು. ಈ ಸಲ ಅದು ನಾಟಕವಲ್ಲ. ಗಲ್ಲ ಎದುರಿಗೆ ತೆರೆದು ನಿಂತಿತ್ತು. ಸುತ್ತಿಗೆಯ ಬಲಗೈ ಭುಜದಿಂದ ಬೆರಳಿನವರೆಗೆ ಒಮ್ಮೆ ಜುಮ್ಮೆಂದಿತು. ಒಂದೇ ಏಟು! ವರ್ಷವಿಡೀ ಕನಸಿನಲ್ಲಿ ಕಂಡದ್ದು ಅದೇ ತಾನೆ? ಆಗ ಅವನು ಡ್ರೈವರನ ಊದದೆ ಉಳಿದ ಒಂದು ಕಣ್ಣನ್ನು ಸರಿಯಾಗಿ ನೋಡಿದ. ಅದರ ತುಂಬ ಭಯವಿತ್ತು. ಹೊಡೆದರೆ ಅವನು ಬೀಳುತ್ತಾನೆ, ಬಿದ್ದರೆ ಭಯ ಮುಗಿದುಹೋಗುತ್ತದೆ. ಅದನ್ನು ಮುಗಿಸಿಕೊಡಲು ಸುತ್ತಿಗೆಗೆ ಮನಸ್ಸು ಬರಲಿಲ್ಲ. ಎಡಗೈ ಚಾಚಿ ಹಣೆಗೆ ಮೆಲ್ಲಗೆ ತಟ್ಟಿದ. ಗಂಟೆ ಹೊಡೆಯಿತು. ತೀರ್ಪುಗಾರ ಅವನ ಕೈ ಎತ್ತಿದ.

ಬಟ್ಟೆ ಬದಲಿಸುವ ಕೋಣೆಗೆ ಡ್ರೈವರ್ ಹುಡುಕಿಕೊಂಡು ಬಂದ. "ಇದೊಂದು ಗೆಲುವೇನೋ? ನೀನು ಹೊಡೀಲೇ ಇಲ್ವಲ್ಲೋ! ಇನ್ನೊಂದ್ಸಲ ಆಡೋಣ. ಬಲಗೈಯಲ್ಲಿ ಹೊಡಿ, ತಪ್ಪಿಸ್ಕೊಂಡು ತೋರಿಸ್ತೀನಿ."

"ನಾನಿನ್ನು ಆಡಲ್ಲ," ಎಂದ ಸುತ್ತಿಗೆ.

"ಆಡಲ್ಲ ಅಂದ್ರೆ?"

"ಆಡಲ್ಲ ಅಂದ್ರೆ ಆಡಲ್ಲ."

ಕೋಚ್ ಬೆಚ್ಚಿಬಿದ್ದರು. ಈಗ ತಾನೇ ಕಲಿತಿದ್ದೀಯ, ಇನ್ನೂ ಎರಡು ವರ್ಷ ಆರಾಮಾಗಿ ಆಡಬಹುದು, ಹುಚ್ಚಾಟ ಬೇಡ ಎಂದರು. ಅವನು ಗ್ಲೌಸನ್ನು ಅವರ ಕೈಯಲ್ಲೇ ಇಟ್ಟು ಮನೆಗೆ ನಡೆದ. ಪಂದ್ಯ ನೋಡಲು ಬಂದಿದ್ದ ಹೆಂಡತಿ ದಾರಿಯಲ್ಲಿ, "ಆ ರಿಂಗ್ ಅಂದ್ರೆ ನಿಮಗೆ ಪ್ರಾಣ ಅಲ್ವೇನ್ರೀ?" ಎಂದು ಕೇಳಿದಳು. "ಹೂಂ," ಎಂದ.

ವಾರ ಕಳೆಯುವುದರೊಳಗೆ ಡ್ರೈವರ್ ಗ್ಯಾರೇಜಿಗೇ ಬಂದ. ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಸಮವಸ್ತ್ರದಲ್ಲೇ, ನಡೆದುಕೊಂಡು. ಕಣ್ಣಿನ ಊತ ಇಳಿದಿತ್ತು, ಮುಖ ಮಾತ್ರ ನಿದ್ದೆಗೆಟ್ಟವನ ಮುಖ. "ಊರೆಲ್ಲ ಏನಂತಾರೆ ಗೊತ್ತಾ? ಸುತ್ತಿಗೆ ಕರುಣೆ ತೋರಿಸಿ ಬಿಟ್ಟ ಅಂತಾರೆ. ನಂಗದು ತಡೆಯೋಕಾಗ್ತಿಲ್ಲ ಕಣೋ. ಒಂದೇ ಒಂದ್ಸಲ ಆಡು."

"ಇಲ್ಲ."

ಭಾವನಿಗೂ ಮನಸ್ಸು ಕರಗಿತು. "ಒಪ್ಕೊಳ್ಳೋ ಮಾರಾಯ, ಪಾಪ, ಕೈ ಮುಗಿಯೋದೊಂದು ಬಾಕಿ. ನಿಂಗೂ ಸಂಜೆ ಆದ್ರೆ ಕೈಕಾಲು ಆಡಲ್ಲ, ನಾನೇನ್ ನೋಡಿಲ್ವಾ?"

ಅದು ಸುಳ್ಳಲ್ಲ. ಸಂಜೆಯಾದರೆ ಅವನ ಕಾಲು ತಾನಾಗಿಯೇ ಕ್ಲಬ್ಬಿನ ದಾರಿ ಹಿಡಿಯುತ್ತಿತ್ತು, ಅವನು ಬೈದು ತಿರುಗಿಸಿಕೊಂಡು ಬರುತ್ತಿದ್ದ. ಈಗಲೂ ಹೂಂ ಎನ್ನುವ ಆಸೆ ನಾಲಿಗೆಯ ತುದಿಯವರೆಗೆ ಬಂದಿತ್ತು. ಒಪ್ಪಿದರೆ ಇಬ್ಬರ ಉರಿಯೂ ಆರುತ್ತದೆ. ತನ್ನದು ಆರದಿದ್ದರೂ ಚಿಂತೆಯಿಲ್ಲ, ಇವನದು ಆರಬಾರದು. ಅವನು ಮಡ್‌ಗಾರ್ಡಿನ ಹಿಂದೆ ಕಬ್ಬಿಣದ ಗಟ್ಟಿ ಕೊಟ್ಟು ನೆಗ್ಗಿನ ಅಂಚಿಗೆ ಸಣ್ಣಗೆ ತಟ್ಟತೊಡಗಿದ.

ಡ್ರೈವರ್ ನಿಂತೇ ಇದ್ದ. ಕೊನೆಗೆ, "ನಾಳೆ ಬರ್ಲಾ?" ಎಂದ.

"ಬಾ."

"ನಾಳೆ ಬಂದ್ರೆ ಒಪ್ಕೋತೀಯಾ?"

"ಇಲ್ಲ," ಎಂದ ಸುತ್ತಿಗೆ. "ಆದ್ರೂ ಬಾ."